ಎಡಗಡೆ ಸೀಟಿನ ಬ್ರೇಕು

ನಮ್ಮನೆಯವರು ಕಾರು ಓಡಿಸುವುದನ್ನು ಬಿಟ್ಟರು, ಬ್ರೇಕ್ ಹಾಕುವುದನ್ನು ಬಿಡಲಿಲ್ಲ. ನಾನು ಓಡಿಸುವಾಗ ಎಡಗಡೆ ಸೀಟಿನಲ್ಲಿ ಕೂರುತ್ತಾರೆ. ಮುಂದಿನ ಆಟೋದ ಕೆಂಪು ದೀಪ ಹೊತ್ತಿಕೊಂಡರೆ ಸಾಕು, ಬಲಗಾಲು ಧಡ್ ಎಂದು ಕೆಳಗೆ ಬೀಳುತ್ತಿತ್ತು. ಅಲ್ಲಿ ಪೆಡಲ್ಲೂ ಇಲ್ಲ, ಏನೂ ಇಲ್ಲ, ಬರೀ ರಬ್ಬರ್ ಮ್ಯಾಟು. ನಾಲ್ಕು ವರ್ಷ ಒತ್ತಿ ಒತ್ತಿ ಆ ಮ್ಯಾಟಿನಲ್ಲಿ ಹೆಬ್ಬೆರಳಿನಷ್ಟು ತೂತು ಬಿದ್ದಿತ್ತು.

ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಸರದಿ ಮುರಿದು ಬಂದವರನ್ನು, ಅವರು ಯಾರೇ ಆಗಿರಲಿ, ಬಾಲದ ತುದಿಗೆ ಕಳಿಸಿ ರೂಢಿ. ಅಂಥವಳ ಪಕ್ಕದಲ್ಲಿ ಕೂತು ಅವಳ ಕೆಲಸವನ್ನು ಇನ್ನೊಬ್ಬರು ಕಾಲಲ್ಲಿ ಮಾಡುತ್ತಿದ್ದರೆ ಮೈ ಉರಿಯದೆ ಇರುತ್ತದೆಯೇ? "ರೀ, ನಾನು ಒತ್ತಿದ್ದೀನಿ. ನೀವು ಸುಮ್ನಿರಿ," ಎನ್ನುತ್ತಿದ್ದೆ. "ನಾನೇನ್ ಮಾಡ್ದೆ?" ಎನ್ನುತ್ತಿದ್ದರು. ಕಾಲು ಮಾಡಿದ ತಪ್ಪು ಬಾಯಿಗೆ ಗೊತ್ತೇ ಇಲ್ಲವೆಂಬಂತೆ.

ಅವರ ಕಣ್ಣಿನೊಳಗಿನ ಒತ್ತಡ ಏರಿ ನೋಟ ಕಮ್ಮಿಯಾಗಿದೆ. ನೇರ ಎದುರಿಗಿರುವುದು ಮಂಜುಮಂಜಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದೇ ಇಲ್ಲ. ಡಾಕ್ಟರು ಹೇಳುವುದಕ್ಕೂ ಮೊದಲು ತಾವೇ ಒಂದು ಬೆಳಿಗ್ಗೆ ಕಾರಿನ ಕೀಲಿಯನ್ನು ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟು, "ಇನ್ಮೇಲೆ ನೀನು," ಎಂದರು. ಅಷ್ಟೇ.

ಕಾರು ನಮ್ಮ ಮಗಳಿಗಿಂತ ಎರಡು ವರ್ಷ ದೊಡ್ಡದು. ಬೆಣ್ಣೆಯ ಬಣ್ಣ. ಗೇರು ಸ್ಟೀರಿಂಗಿನ ಪಕ್ಕದಿಂದಲೇ ಕೋಲಿನ ಹಾಗೆ ಚಾಚಿಕೊಂಡಿದೆ. ಮುಂದಿನ ಸೀಟು ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಒಂದೇ ಬೆಂಚು. ಏಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ತಿರುಗಿಸಬೇಕಾದರೆ ರಾಗಿ ಮುದ್ದೆ ತಿರುವುವ ತೋಳು ಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ಈ ಡ್ರಮ್ ಬ್ರೇಕಿನ ಗುಣ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈಗಿನ ಕಾರುಗಳಲ್ಲಿ ಬ್ರೇಕೆಂದರೆ ಗಾಳಿಗೆ ತೆರೆದುಕೊಂಡು ತಿರುಗುವ ಒಂದು ತಟ್ಟೆ. ನೀರು ಬಿದ್ದರೆ ಚಿಮ್ಮಿಕೊಂಡು ಹೋಗುತ್ತದೆ. ನಮ್ಮದು ಮುಚ್ಚಿದ ಡಬರಿ. ಒಳಗೆ ಅರ್ಧಚಂದ್ರದಂಥ ಎರಡು ಪಟ್ಟಿಗಳಿವೆ. ಪೆಡಲ್ ಒತ್ತಿದರೆ ಅವು ಅಗಲವಾಗಿ ಡಬರಿಯ ಗೋಡೆಗೆ ಒತ್ತಿಕೊಳ್ಳುತ್ತವೆ, ಚಕ್ರ ನಿಲ್ಲುತ್ತದೆ. ಅದರೊಳಗೆ ನೀರು ಹೊಕ್ಕಿತೆಂದರೆ ಬೇಗ ಹೊರಗೆ ಬರುವುದಿಲ್ಲ. ಆಗ ಬ್ರೇಕ್ ಒತ್ತುವುದು ಸೋಪಿನ ಕೈಯಲ್ಲಿ ಪಾತ್ರೆ ಹಿಡಿದ ಹಾಗೆ. ಹಿಡಿದಿದ್ದೇನೆ ಅನಿಸುತ್ತದೆ, ಜಾರಿ ಹೋಗಿರುತ್ತದೆ. ಇದಕ್ಕೆ ಮದ್ದು ಒಂದೇ. ಬಲಗಾಲಲ್ಲಿ ಆಕ್ಸಿಲರೇಟರ್ ಬಿಡದೆ, ಎಡಗಾಲನ್ನು ಬ್ರೇಕಿನ ಮೇಲೆ ಹಗುರವಾಗಿಟ್ಟು, ಒಂದಷ್ಟು ದೂರ ನಿಧಾನಕ್ಕೆ ಹೋಗಬೇಕು. ತಿಕ್ಕಾಟದ ಬಿಸಿಗೆ ನೀರು ಆರಿ, ಬ್ರೇಕು ಮತ್ತೆ ಹಿಡಿಯುತ್ತದೆ.

ಆರಿತೋ ಇಲ್ಲವೋ ತಿಳಿಯುವುದು ಹೇಗೆ? ನಮ್ಮನೆಯವರಿಗೆ ಅದು ಕಿವಿಯಲ್ಲಿ ತಿಳಿಯುತ್ತದೆ. ಗದಗಿನ ಕಡೆಯಿಂದ ಬಂದು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವರು ಅವರು. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರಂತೆ. ಒದ್ದೆ ಬ್ರೇಕಿಗೆ ದನಿ ಇರುವುದಿಲ್ಲ. ಆರುತ್ತಾ ಬಂದ ಹಾಗೆ ಒಳಗಿನಿಂದ ಸಣ್ಣಗೆ ಗುಂಯ್ ಅನ್ನಲು ಶುರುವಾಗುತ್ತದೆ. ಅದು ಅವರ ಮಾತು, ನನಗೆ ಯಾವತ್ತೂ ಕೇಳಿಸಿದ್ದಿಲ್ಲ. ಮಳೆಯಲ್ಲಿ ನನಗೆ ಕೇಳಿಸುವುದು ವೈಪರಿನ ಕಟಕಟ ಮಾತ್ರ. "ದನಿ ಬಂತು ನೋಡು, ಇನ್ನು ಹೋಗು," ಎಂದು ಅವರು ಹೇಳಿದರೆ ನಾನು ಎಡಗಾಲು ತೆಗೆಯುತ್ತಿದ್ದೆ. ನಾಲ್ಕು ಮಳೆಗಾಲ ಹೀಗೇ ಹೋಗಿತ್ತು. ಕಣ್ಣು ನನ್ನದು, ಕಿವಿ ಅವರದು.

ಈ ವರ್ಷ ಎಫ್‌ಸಿ ಬಂತು. ಹಳೆಯ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒಗೆ ತೆಗೆದುಕೊಂಡು ಹೋಗಿ, ಇನ್ಸ್‌ಪೆಕ್ಟರಿಗೆ ಓಡಿಸಿ ತೋರಿಸಿ, ಪಾಸಾದರೆ ಇನ್ನು ಐದು ವರ್ಷ ರಸ್ತೆಯ ಮೇಲೆ ಬಿಡುತ್ತಾರೆ. ಸಂಜಯನಗರದಲ್ಲಿರುವ ಮಗಳು ಎರಡು ವರ್ಷದಿಂದ ಒಂದೇ ಸಮ ಹೇಳುತ್ತಿದ್ದಳು: "ಅಮ್ಮಾ, ಸಾಕು ಅದನ್ನ. ನೀವಿಬ್ರೂ ಆಟೋದಲ್ಲಿ ಬನ್ನಿ, ಇಲ್ಲಾಂದ್ರೆ ನಾನೇ ಬಂದು ಕರ್ಕೊಂಡ್ಹೋಗ್ತೀನಿ." ಅವಳಿಗೆ ನಾನು ಸೊಪ್ಪು ಹಾಕಿರಲಿಲ್ಲ. ಆದರೆ ಒಂದು ಸಂಜೆ ನಮ್ಮನೆಯವರೇ ಬಾಯಿಬಿಟ್ಟರು.

"ನೋಡು, ಲೈಟು, ಹೊಗೆ, ಬಾಡಿ, ಬೇರೆ ಯಾವುದಕ್ಕೆ ಫೇಲ್ ಆದ್ರೂ ರಿಪೇರಿ ಮಾಡ್ಸೋಣ. ಬ್ರೇಕಿಗೆ ಫೇಲ್ ಆದ್ರೆ ಮಾತ್ರ ಬೇಡ. ಗುಜರಿಗೆ ಕೊಟ್ಬಿಡೋಣ."

"ಯಾಕೆ? ನಾನು ಓಡ್ಸೋದು ಸರಿಯಿಲ್ಲ ಅಂತಾನಾ?"

"ನೀನು ಓಡ್ಸೋದು ಸರಿಯಾಗೇ ಇದೆ ಕಣೇ. ನಂಗೆ ಕಾಣಲ್ಲ. ಪಕ್ಕದಲ್ಲಿ ಕೂತು ಭಯ ಆಗತ್ತೆ, ಅಷ್ಟೇ."

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಅವರ ಬಾಯಲ್ಲಿ ಭಯ ಎಂಬ ಮಾತು ಕೇಳಿದ್ದು ಅದೇ ಮೊದಲು. ಆಯಿತು ಎಂದೆ. ಒಪ್ಪಿಕೊಂಡ ಮೇಲೆ ಯೋಚನೆ ಹತ್ತಿತು. ಮಗಳ ಹೊಸ ಕಾರಿನಲ್ಲಿ ಅವರು ಹೇಗೆ ಕೂರುತ್ತಾರೆಂದು ನಾನು ನೋಡಿದ್ದೆ. ಡಾಕ್ಟರ ಕೋಣೆಯ ಹೊರಗೆ ಕಾಯುವವರ ಹಾಗೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು. ಆ ಕಾರಿನಲ್ಲಿ ಅವರಿಗೆ ಕೇಳಿಸಿಕೊಳ್ಳಲು ಏನೂ ಇಲ್ಲ. ನಮ್ಮ ಹಳೆಯ ಗಾಡಿಯಲ್ಲಾದರೆ ಗೇರು ಸರಿಯಾಗಿ ಬೀಳಲಿಲ್ಲ ಎನ್ನುತ್ತಾರೆ, ಹಿಂದಿನ ಟೈರಿಗೆ ಗಾಳಿ ಕಮ್ಮಿ ಎನ್ನುತ್ತಾರೆ, ಹೆಬ್ಬಾಳ ಬಂತಲ್ಲ ಎಂದು ರಸ್ತೆಯ ಕುಲುಕಾಟದಲ್ಲೇ ಹೇಳುತ್ತಾರೆ. ಅದರೊಳಗೆ ಅವರು ಪೂರ್ತಿ ಮನುಷ್ಯ. ಗಾಡಿ ಹೋದರೆ ಇವರೂ ಅರ್ಧ ಹೋದಂತೆ ಎಂದು ನನಗೆ ಅನಿಸಿತ್ತು.

ಆರ್.ಟಿ. ನಗರದಲ್ಲಿ ನಮ್ಮ ಗಾಡಿಗೆ ಮೊದಲಿನಿಂದಲೂ ಕೈ ಹಾಕುವ ಮೆಕ್ಯಾನಿಕ್ ಒಬ್ಬರಿದ್ದಾರೆ. ನಾವು ಅವರನ್ನು ಭಾಯ್ ಎನ್ನುತ್ತೇವೆ, ಅವರು ನನ್ನನ್ನು ಅಮ್ಮಾ ಎನ್ನುತ್ತಾರೆ, ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಎಫ್‌ಸಿಗೆ ನಾಲ್ಕು ದಿನ ಮೊದಲು ಬ್ರೇಕಿನ ಪಟ್ಟಿಗಳನ್ನೆಲ್ಲ ಹೊಸದು ಹಾಕಿಕೊಟ್ಟರು. ಮ್ಯಾಟಿನ ತೂತು ನೋಡಿ, "ಸಾಬ್ ಕಡೆಗೂ ಒಂದು ಪೆಡಲ್ ಹಾಕ್ಲಾ ಅಮ್ಮಾ, ಡ್ರೈವಿಂಗ್ ಸ್ಕೂಲ್ ಗಾಡಿ ಥರಾ?" ಎಂದು ನಕ್ಕರು. ಹೊರಡುವಾಗ ಮಾತ್ರ ನಗಲಿಲ್ಲ.

"ಬ್ರೇಕು ಈಗ ಪಕ್ಕಾ ಇದೆ. ಟೆಸ್ಟಿಗೆ ಹೋಗೋವರ್ಗೂ ನೀರು ತೋರಿಸ್ಬೇಡಿ. ನೀರು ಕುಡಿದ ಬ್ರೇಕು, ಹೆಂಡ ಕುಡಿದ ಮನುಷ್ಯ, ಎರಡನ್ನೂ ನಂಬಬಾರ್ದು ಅಮ್ಮಾ."

ನಾನು ತಲೆ ಅಲ್ಲಾಡಿಸಿದೆ. ಮಳೆಯಲ್ಲಿ ಹೊರಗೆ ತೆಗೆಯಬೇಡಿ ಎನ್ನುತ್ತಿದ್ದಾರೆ ಎಂದುಕೊಂಡೆ. ನಾಲ್ಕು ದಿನ ಗಾಡಿಯನ್ನು ಶೆಡ್ಡಿನಿಂದ ಕದಲಿಸಲಿಲ್ಲ.

ಐದನೆಯ ಬೆಳಿಗ್ಗೆ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಹತ್ತು ಗಂಟೆಗೆ ಆರ್‌ಟಿಒ. ಆರೂವರೆಗೆ ಎದ್ದು ನೋಡಿದರೆ ಗಾಡಿಯ ಮೇಲೆ ನಾಲ್ಕು ದಿನದ ಧೂಳು, ಬಾನೆಟ್ಟಿನ ಮೇಲೆ ಬೆಕ್ಕಿನ ಹೆಜ್ಜೆ. ನೋಡುವವರು ಬರುತ್ತಾರೆಂದರೆ ಮನೆ ಸಾರಿಸಿ, ರಂಗೋಲಿ ಹಾಕಿ, ಹುಡುಗಿಯ ತಲೆಗೆ ಹೂ ಮುಡಿಸಿ ನಿಲ್ಲಿಸುವ ಜನ ನಾವು. ಇನ್ಸ್‌ಪೆಕ್ಟರು ನೋಡುವ ದಿನ ಗಾಡಿ ಹೀಗಿರುವುದೇ? ನಮ್ಮನೆಯವರು ಸ್ನಾನಕ್ಕೆ ಹೋದರೆ, ಪೂಜೆಯೂ ಸೇರಿ, ಮುಕ್ಕಾಲು ಗಂಟೆ ಗ್ಯಾರಂಟಿ. ಹಾಲಿನ ಬೂತಿಗೆ ಹೋಗುವ ಹಾಗೆ ಮೆಲ್ಲಗೆ ಗೇಟು ತೆಗೆದು, ಮುಖ್ಯರಸ್ತೆಯ ವಾಟರ್ ಸರ್ವೀಸಿಗೆ ಗಾಡಿ ತೆಗೆದುಕೊಂಡು ಹೋದೆ.

ಅಲ್ಲಿ ಶಾಂಪೂ ನೊರೆ ಹಾಕಿ, ಪೈಪಿನಲ್ಲಿ ರಭಸದ ನೀರು ಹೊಡೆದು ತೊಳೆದರು. ಸುಮ್ಮನಿರಬಾರದೇ ನಾನು? "ಚಕ್ರಕ್ಕೆ ಚೆನ್ನಾಗಿ ಹೊಡಿಯಪ್ಪಾ, ಒಳಗಡೆಯೆಲ್ಲಾ ಕೆಂಪು ಮಣ್ಣಿದೆ," ಎಂದು ನಿಂತು ಹೊಡೆಸಿದೆ. ಆಮೇಲೆ ಪಕ್ಕದ ಹೂವಿನಂಗಡಿಯಿಂದ ಎರಡು ಮೊಳ ಸೇವಂತಿಗೆ ತಂದು ಬಾನೆಟ್ಟಿಗೆ ಹಾಕಿ, ಅರಿಶಿನ ಕುಂಕುಮ ಇಟ್ಟೆ. ಆಯುಧಪೂಜೆಯ ದಿನದ ಹಾಗೆ ಗಾಡಿ ಥಳಥಳ ಎನ್ನುತ್ತಿತ್ತು. ನೀರು ತೋರಿಸಬೇಡಿ ಎಂದ ಮಾತು ನನಗೆ ಒಂದು ಸಲವೂ ನೆನಪಾಗಲಿಲ್ಲ. ನಮ್ಮಲ್ಲಿ ತೊಳೆಯುವುದು ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಮಡಿಯ ಲೆಕ್ಕ.

ನೆನಪಾದದ್ದು ನಮ್ಮ ಮನೆಯ ಗೇಟಿನ ಮುಂದೆ. ಬ್ರೇಕ್ ಒತ್ತಿದೆ, ಗಾಡಿ ನಿಲ್ಲಲಿಲ್ಲ. ಇನ್ನೂ ಒತ್ತಿದೆ. ನಮ್ಮ ಗೇಟು ಹೋಯಿತು, ಪಕ್ಕದ ಮನೆಯ ಗೇಟು ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಪೆಡಲನ್ನು ತುಳಿದು ತುಳಿದು, ಮೂರನೆಯ ಮನೆಯ ಹೊಂಗೆಮರದ ಬುಡಕ್ಕೆ ಒಂದು ಗೇಣು ಇರುವಾಗ ನಿಂತಿತು. ಆ ಮನೆಯವರು ಗಿಡಗಳಿಗೆ ನೀರು ಹಾಕುತ್ತಿದ್ದರು.

"ಏನ್ ಮೇಡಂ, ಮನೆ ಮರೆತ್ಬಿಟ್ರಾ?"

"ಇಲ್ಲ ಕಣ್ರೀ, ರಿವರ್ಸ್ ಗೇರ್ ಚೆಕ್ ಮಾಡ್ಬೇಕಿತ್ತು," ಎಂದು ಹೇಳಿ ಹಿಂದಕ್ಕೆ ಬಂದೆ.

ನಮ್ಮನೆಯವರು ವಿಭೂತಿ ಇಟ್ಟುಕೊಂಡು ಗೇಟಿನ ಹತ್ತಿರವೇ ನಿಂತಿದ್ದರು. ಹೂವು ಕಂಡಿತೋ ಇಲ್ಲವೋ ಗೊತ್ತಿಲ್ಲ, ಮೂಗು ಮಾತ್ರ ಅರಳಿತು.

"ಶಾಂಪೂ ಹಾಕ್ಸಿದ್ಯಾ?"

"ಸ್ವಲ್ಪ."

"ಚಕ್ರಕ್ಕೂ?"

ಹೂಂ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. "ಟೈಮೆಷ್ಟು?" ಎಂದು ಕೇಳಿ, ಎಂಟು ಎಂದ ಮೇಲೆ, "ತಿಂಡಿ ಬೇಗ ಮುಗ್ಸು. ದಾರೀಲಿ ಒಣಗಿಸ್ಕೊಂಡ್ ಹೋಗೋಣ," ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವರನ್ನು ನೋಡಿಯೇ. ನಾವು ಹೊರಡುವ ಹೊತ್ತಿಗೆ, ಇಷ್ಟು ಸಾಲದೆಂದು, ಮಳೆ ಹಿಡಿಯಿತು.

ಎಂ.ಎಸ್. ಪಾಳ್ಯ ದಾಟಿ ಅಟ್ಟೂರಿನ ಕಡೆಯಿಂದ ಯಲಹಂಕಕ್ಕೆ ಹೊರಟೆವು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ. ಹಿಂದಿನಿಂದ ಸಿಟಿ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯುತ್ತಿತ್ತು. ಒಳಗಡೆ ಗಾಜಿಗೆಲ್ಲ ಹಬೆ. ನಮ್ಮನೆಯವರು ಹಳೆಯ ಬನಿಯನ್ ಬಟ್ಟೆಯಲ್ಲಿ ನನ್ನ ಮುಂದಿನ ಗಾಜನ್ನು ಒರೆಸುತ್ತಾ, ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದರು.

"ಗಾಡಿ ಎಡಕ್ಕೆ ಎಳೀತಿದ್ಯಾ?"

"ಹೂಂ, ಎಳೀತಿದೆ."

"ಎಡಗಡೇದು ಒಣಗ್ತಾ ಇದೆ. ಬಲಗಡೇದು ಇನ್ನೂ ಇಲ್ಲ. ಕಾಲು ತೆಗೀಬೇಡ."

ಅಟ್ಟೂರಿನ ಹತ್ತಿರ "ದನಿ ಬಂತು" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ರಸ್ತೆ ತಗ್ಗಾಯಿತು. ತಗ್ಗಿನಲ್ಲಿ ಚಾಕೊಲೇಟ್ ಬಣ್ಣದ ನೀರು ನಿಂತಿತ್ತು. ದಾಟದೆ ಬೇರೆ ದಾರಿಯಿಲ್ಲ. ದಾಟಿದ್ದೇ ಬ್ರೇಕು ಮತ್ತೆ ಮೂಕ. ಆಗಲೇ ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡ ಒಬ್ಬ ಬೈಕಿನವನು ಸಂದಿಯಿಂದ ಎದುರಿಗೆ ನುಗ್ಗಿದ. ಪಕ್ಕದಲ್ಲಿ ಧಡ್ ಎಂದು ಕಾಲು ಬಿತ್ತು.

"ಏ, ಹಾಕ! ಬ್ರೇಕ್ ಹಾಕ, ಲಗೂನ!"

ನಲವತ್ತು ವರ್ಷದ ಬೆಂಗಳೂರು ಮಾತು ಹೆದರಿಕೆಯಾದಾಗ ಎಲ್ಲೋ ಹೋಗಿ ಗದಗು ಎದ್ದು ಬರುತ್ತದೆ. ನಾನು ಗೇರು ಇಳಿಸಿ, ಎಂಜಿನ್ನಿನಲ್ಲೇ ವೇಗ ಕೊಂದು, ಬದಿಗೆ ತಿರುಗಿಸಿಕೊಂಡೆ. ಬೈಕಿನವನು ಹಲ್ಲು ಬಿಟ್ಟುಕೊಂಡು ಹೋದ. ಅವನ ಹಿಂದಿನ ಮೂರು ತಲೆಮಾರನ್ನು ನಾನು ವಿಚಾರಿಸಿಕೊಂಡೆ. ನಮ್ಮನೆಯವರ ಕಾಲು ಇನ್ನೂ ಆ ತೂತಿನ ಮೇಲೇ ಒತ್ತಿಕೊಂಡಿತ್ತು. ಅವತ್ತು ಮಾತ್ರ ಆ ಕಾಲಿಗೆ ನಾನು ಏನೂ ಅನ್ನಲಿಲ್ಲ.

ಯಲಹಂಕದಾಚೆಯ ಆರ್‌ಟಿಒ ಮೈದಾನ ಮುಟ್ಟುವ ಹೊತ್ತಿಗೆ ಮಳೆ ಜಿನುಗಾಗಿತ್ತು. ಬ್ರೇಕು ಮತ್ತೆ ಒಣಗಿತ್ತು. ನನ್ನ ಎಡಗಾಲು ಸೋತು ಹೋಗಿತ್ತು. ಸಾಲಿನಲ್ಲಿ ನಮ್ಮ ಮುಂದೆ ಎರಡು ಟೆಂಪೋ, ಒಂದು ಶಾಲೆಯ ಬಸ್ಸು, ಅದರ ಮುಂದೆ ಆಟೋಗಳು. ನಾನು ಬದುಕಿದೆ ಎಂದುಕೊಳ್ಳುತ್ತಿದ್ದೆ. ನಮ್ಮನೆಯವರು ಕಿಟಕಿಯ ಗಾಜು ಇಳಿಸಿದರು.

"ಮುಂದೆ ನೀರು ನಿಂತಿದ್ಯಾ? ಒಂದೊಂದ್ ಗಾಡಿ ಇಳಿದಾಗ್ಲೂ ಬುಳುಕ್ ಅಂತಿದೆ."

ಕತ್ತು ಚಾಚಿ ನೋಡಿದೆ. ಟೆಸ್ಟ್ ಮಾಡುವ ರಸ್ತೆಗೆ ಇಳಿಯುವ ಕಡೆಯಲ್ಲೇ ದೊಡ್ಡ ಹೊಂಡ. ಟೆಂಪೋದ ಚಕ್ರ ಅರ್ಧ ಮುಳುಗಿತು. ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮವಾಯಿತು.

ಇನ್ಸ್‌ಪೆಕ್ಟರು ಇನ್ನೂ ಸಣ್ಣ ವಯಸ್ಸಿನವರು, ನೀಲಿ ರೇನ್‌ಕೋಟ್ ಹಾಕಿಕೊಂಡಿದ್ದರು. ಕಾರಿನ ನಂಬರು ನೋಡಿದರು, ಲೈಟು, ಹಾರ್ನು, ವೈಪರು ಎಲ್ಲ ಹಾಕಿಸಿ ನೋಡಿದರು. ಸೇವಂತಿಗೆ ಹಾರ ನೋಡಿ ಮುಗುಳ್ನಕ್ಕರು. "ಯಜಮಾನ್ರು ಇಳ್ದು ಆ ತಗಡಿನ ಶೀಟ್ ಕೆಳಗೆ ನಿಂತ್ಕೊಳ್ಲಿ ಮೇಡಂ. ನಾನು ಪಕ್ಕ ಕೂತ್ಕೋತೀನಿ," ಎಂದರು.

ಇದನ್ನು ನಾನು ಎಣಿಸಿರಲಿಲ್ಲ. ನಮ್ಮನೆಯವರು ಕೊಡೆ ತೆಗೆದುಕೊಂಡು, ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು ನನ್ನ ಕಡೆ ಬಾಗಿದರು.

"ನೀರು ದಾಟಿದ್ಮೇಲೆ ಅವಸರ ಮಾಡ್ಬೇಡ. ದನಿ ಬರೋವರ್ಗೂ ಗಟ್ಟಿ ಒತ್ಬೇಡ."

"ನಂಗೆ ಆ ದನಿ ಯಾವತ್ತೂ ಕೇಳ್ಸಿಲ್ಲ ರೀ."

"ನಾನು ಹೇಳ್ತಿದ್ನಲ್ಲ, ಅದಕ್ಕೇ ಕೇಳ್ಸಿಲ್ಲ," ಎಂದು ಇಳಿದು ಹೋದರು.

ಇನ್ಸ್‌ಪೆಕ್ಟರು ಕೂತು ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡರು. ಬೂಟಿಗೆ ಮ್ಯಾಟಿನ ತೂತು ಸಿಕ್ಕಿರಬೇಕು, ಬಗ್ಗಿ ನೋಡಿದರು.

"ಇದೇನ್ ಮೇಡಂ?"

"ಅದು ನಮ್ಮನೆಯವ್ರ ಬ್ರೇಕು ಸರ್."

ಅವರಿಗೆ ಅರ್ಥವಾಗಲಿಲ್ಲ. ಆ ಕಡೆಯ ಗೋಡೆಯವರೆಗೆ ಹೋಗಿ, ತಿರುಗಿಸಿಕೊಂಡು ಬರಬೇಕು, ಬರುವಾಗ ತಾವು ಹೇಳಿದ ಕ್ಷಣ ನಿಲ್ಲಿಸಬೇಕು ಎಂದರು. ಗಾಡಿ ಹೊಂಡಕ್ಕೆ ಇಳಿಯಿತು. ಬಾಗಿಲಿನ ಕೆಳಗೆ ನೀರು ಉಜ್ಜಿಕೊಂಡು ಹೋದ ಸದ್ದು. ಹೊಂಡ ಹತ್ತಿದ ಮೇಲೆ ಎಡಗಾಲನ್ನು ಬ್ರೇಕಿನ ಮೇಲಿಟ್ಟೆ. ಏನೂ ಇಲ್ಲ. ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

"ಎರಡೂ ಕಾಲು ಯಾಕೆ ಯೂಸ್ ಮಾಡ್ತಿದ್ದೀರಾ?"

"ಬ್ರೇಕ್ ಒಣಗಿಸ್ತಿದ್ದೀನಿ ಸರ್."

"ಅಂದ್ರೆ?"

"ಸರ್, ಒಂದ್ನಿಮಿಷ ಮಾತಾಡ್ಬೇಡಿ."

ಬಾಯಿಂದ ಬಂದದ್ದು ಕೌಂಟರಿನ ದನಿ. ಮೂವತ್ತೊಂದು ವರ್ಷದ ದನಿ, ಅದಕ್ಕೆ ಎದುರಾಡಿದವರು ಕಮ್ಮಿ. ನಾನು ಗೋಡೆಯ ಹತ್ತಿರ ನಿಧಾನಕ್ಕೆ ಗಾಡಿ ತಿರುಗಿಸಿದೆ. ಜಿನುಗು ಮಳೆಯಲ್ಲಿ ರಸ್ತೆ ಖಾಲಿ ಕಾಣುತ್ತಿತ್ತು. ವೈಪರ್ ಆರಿಸಿದೆ. ಕಟಕಟ ನಿಂತಿತು.

ಮೊದಲು ಎಂಜಿನ್ನು ಕೇಳಿಸಿತು. ಆಮೇಲೆ ತಗಡಿನ ಮೇಲೆ ಹನಿ. ಆಮೇಲೆ ನನ್ನದೇ ಎದೆ. ಅದರ ಕೆಳಗೆ, ಪಾದದ ಹತ್ತಿರ, ನಮ್ಮನೆಯವರು ಪೂಜೆ ಮಾಡುವಾಗ ಬಾಯಿ ತೆರೆಯದೆ ಗೊಣಗುತ್ತಾರಲ್ಲ, ಅಂಥದ್ದೊಂದು ಗುಂಯ್ ಇತ್ತು. ಎಡಗಡೆಯಿಂದ. ಸ್ಟೀರಿಂಗು ಸ್ವಲ್ಪ ಎಡಕ್ಕೆ ಎಳೆಯಿತು, ಹಿಡಿದುಕೊಂಡೆ. ಇನ್ನೂ ಸ್ವಲ್ಪ ದೂರ. ಬಲಗಡೆಯಿಂದ ಇನ್ನೊಂದು ದನಿ ಬಂದು ಮೊದಲಿನದರ ಜೊತೆ ಸೇರಿಕೊಂಡಿತು. ಸ್ಟೀರಿಂಗು ನೇರವಾಯಿತು. ನಾಲ್ಕು ವರ್ಷ ನನ್ನ ಕಾಲಿನ ಕೆಳಗೇ ಇದ್ದ ದನಿ! ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ವೈಪರ್ ಹಾಕಿ ಗೇರು ಏರಿಸಿದೆ.

"ಸ್ಟಾಪ್!"

ಒತ್ತಿದೆ. ಗಾಡಿ ಮೂಗು ಬಗ್ಗಿಸಿ, ಅಲ್ಲೇ, ನೇರಕ್ಕೆ ನಿಂತಿತು. ಬಾನೆಟ್ಟಿನ ಸೇವಂತಿಗೆ ಹಾರ ಜಾರಿ ರಸ್ತೆಗೆ ಬಿತ್ತು. ಇನ್ಸ್‌ಪೆಕ್ಟರ ಪ್ಯಾಡೂ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು, ನನ್ನನ್ನೊಮ್ಮೆ, ಸ್ಟೀರಿಂಗನ್ನೊಮ್ಮೆ ನೋಡಿ ಏನೋ ಬರೆದುಕೊಂಡರು.

"ಬ್ರೇಕ್ ಓಕೆ. ಮಳೇಲಿ ಮಾತ್ರ ತೆಗೀಬೇಡಿ ಮೇಡಂ ಇದನ್ನ."

"ಮಳೇಲೇ ಬಂದಿದ್ದೀನಲ್ಲ ಸರ್," ಎಂದೆ. ಅವರು ನಕ್ಕುಬಿಟ್ಟರು.

ಶೀಟಿನ ಕೆಳಗೆ ಟೆಂಪೋ ಡ್ರೈವರುಗಳ ನಡುವೆ ನಮ್ಮನೆಯವರು ಕೊಡೆ ಮಡಚಿ ನಿಂತಿದ್ದರು. ಅಷ್ಟು ದೂರದ ಗಾಡಿ ಅವರಿಗೆ ಕಂಡಿರಲಾರದು. ನಾನು ಹತ್ತಿರ ಹೋದೆ. ಪಾಸೋ ಫೇಲೋ ಎಂದು ಅವರು ಕೇಳಲಿಲ್ಲ.

"ಕೇಳಿಸ್ತಾ?"

"ಕೇಳಿಸ್ತು."

"ಮೊದ್ಲು ಯಾವ ಕಡೆ?"

"ಎಡಗಡೆ. ಆಮೇಲೆ ಬಲಗಡೆ."

"ಹೂಂ," ಎಂದರು. ಆಮೇಲೆ, "ಪಾಸಾ?" ಎಂದರು.

"ಐದು ವರ್ಷ," ಎಂದೆ. "ಮಗಳಿಗೆ ಶಾಂಪೂ ವಿಷಯ ಹೇಳ್ಬೇಡಿ ಮತ್ತೆ."

ಕಾಗದದ ಕೆಲಸವೆಲ್ಲ ಮುಗಿಯುವ ಹೊತ್ತಿಗೆ ಹನ್ನೆರಡೂವರೆ. ಗೇಟಿನ ಹೊರಗೆ ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು, ಒಂದು ಪೊಟ್ಟಣ ಕಟ್ಟಿಸಿಕೊಂಡೆವು. ಮಗಳ ಮನೆಯಲ್ಲಿ ಊಟ ಎಂದು ಮೊದಲೇ ಮಾತಾಗಿತ್ತು. ಪಾಸಾದ ಸುದ್ದಿ ಫೋನಿನಲ್ಲಿ ಹೇಳಿದಾಗ ಅವಳು, "ಅಯ್ಯೋ ದೇವ್ರೇ, ಇನ್ನೈದು ವರ್ಷಾನಾ!" ಎಂದು, ಆಮೇಲೆ ಪಾಯಸ ಮಾಡುತ್ತೇನೆ ಎಂದಳು.

ಬಳ್ಳಾರಿ ರಸ್ತೆಗೆ ಬಂದ ಮೇಲೆ ಮಳೆ ಮತ್ತೆ ಜೋರಾಯಿತು. ಮೇಲಿನ ರಸ್ತೆಯ ಕೊಳವೆಗಳಿಂದ ಸರ್ವೀಸ್ ರಸ್ತೆಗೆ ನೀರು ಧಾರೆಯಾಗಿ ಸುರಿಯುತ್ತಿತ್ತು. ಅದರ ಕೆಳಗೆ ಹಾಯದೆ ಗತ್ಯಂತರವಿಲ್ಲ. ಪ್ರತಿ ಸಲ ಎಡಗಾಲಿಟ್ಟೆ, ಕಿವಿಗೊಟ್ಟೆ. ಈಗ ವೈಪರ್ ಆರಿಸಬೇಕಾಗಲಿಲ್ಲ, ಕಟಕಟದ ನಡುವೆಯೂ ಕೇಳಿಸುತ್ತಿತ್ತು. ಒಂದು ಸಲ ಗೊತ್ತಾದ ಮೇಲೆ ಮುಗಿಯಿತು. "ದನಿ ಬಂತು," ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಪಕ್ಕದಿಂದ ಹೂಂ ಎಂಬ ಉತ್ತರ ಬಂತು. ಇನ್ನೊಂದು ಸಲ ಹೇಳಿದೆ. ಮತ್ತೆ ಹೂಂ. ಅವರು ಸಿಪ್ಪೆ ಬಿಡಿಸುವ ಸದ್ದು ಕೇಳುತ್ತಿತ್ತು.

ಹೆಬ್ಬಾಳದ ಫ್ಲೈಓವರ್ ಹತ್ತಿ ಇಳಿ ಮುಖಕ್ಕೆ ಬಂದೆವು. ಮುಂದೆ ಎಲ್ಲ ಗಾಡಿಗಳ ಕೆಂಪು ದೀಪ ಒಟ್ಟಿಗೆ ಹೊತ್ತಿಕೊಂಡಿತು. ನಾನು ಬ್ರೇಕ್ ಒತ್ತಿದೆ. ಒತ್ತುತ್ತಲೇ ಪಕ್ಕದ ಧಡ್‌ಗೆ ಕಾದೆ. ನಾಲ್ಕು ವರ್ಷದ ಅಭ್ಯಾಸ, ನನ್ನ ಬ್ರೇಕಿನ ಹಿಂದೆಯೇ ಅವರದು ಬೀಳಬೇಕು.

ಬೀಳಲಿಲ್ಲ.

ತಿರುಗಿ ನೋಡಿದೆ. ಚಪ್ಪಲಿ ಬಿಚ್ಚಿ ಮ್ಯಾಟಿನ ತೂತಿನ ಮೇಲೆ ಜೋಡಿಸಿಟ್ಟಿದ್ದರು. ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ ಇಟ್ಟುಕೊಂಡಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಆ ಕಾಲನ್ನು ಎಷ್ಟು ಬೈದಿದ್ದೆ ನಾನು! ಈಗ ಅದು ಇಲ್ಲದೆ ಆ ಕಡೆ ಏನೋ ಖಾಲಿ ಖಾಲಿ ಅನಿಸಿತು.

ಸಾಲು ಕದಲಿತು. ಮುಂದೆ ಜಾಗವಿತ್ತು, ಹಿಂದೆಯೂ ದೂರದವರೆಗೆ ಯಾರೂ ಇರಲಿಲ್ಲ. ಸಂಜಯನಗರದ ಕಡೆಗೆ ತಿರುಗುವ ಮೊದಲು, ಬೇಕೆಂದೇ, ಒಂದು ಸಲ ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿದೆ. ಗಾಡಿ ತೂಗಿ ನಿಂತಿತು. ಅವರು ಕಡಲೆಕಾಯಿ ಪೊಟ್ಟಣ ಚೆಲ್ಲದಂತೆ ಹಿಡಿದುಕೊಂಡರು. ಕಾಲು ಇಳಿಸಲಿಲ್ಲ.

"ಯಾಕೆ, ಬೈಕಿನವ್ನು ಅಡ್ಡ ಬಂದ್ನಾ?" ಎಂದರು.

"ಹೂಂ," ಎಂದೆ.

ಬಿಡಿಸಿಟ್ಟಿದ್ದ ಕಾಳುಗಳನ್ನು ತಡವಿ ಹುಡುಕಿ ನನ್ನ ಎಡಗೈಗೆ ಹಾಕಿದರು.